ಮಾಡು ಬಿಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ.

ಮೇ ಕೊನೆಯಲ್ಲಿ ಬರುವ ಪತ್ತನಾಜೆ ಹತ್ತಿರ ಬಂತೆಂದರೆ ಕರಾವಳಿಯಲ್ಲಿ ಹಂಚು ಕೈಯಾಡಿಸುವವರಿಗೆ ಪುರುಸೊತ್ತಿಲ್ಲ. ಒಡೆದ ನಾಲ್ಕು ಹಂಚು ಬದಲಿಸುವುದಾದರೆ ಅರ್ಧ ದಿನ ಸಾಕು. ಹಂಚು ಹೊರುವ ಇಳಿಜಾರು ಮರವಾದ ಪಕ್ಕಾಸಿಗೆ ಗೆದ್ದಲು ಹಿಡಿದು ಮಾಡು, ಅಂದರೆ ಮನೆಯ ಚಾವಣಿ, ನಡುವೆ ಕುಸಿದಿದ್ದರೆ ಮಾತ್ರ ಪೂರ್ತಿ ಬಿಚ್ಚಿ ಕಟ್ಟಬೇಕು. ಆ ಕೆಲಸವನ್ನು ಮೇ ತಿಂಗಳಿಗೆ ಉಳಿಸಿಕೊಳ್ಳಬೇಡಿ, ಜನವರಿಯಲ್ಲೇ ಕಾಗದಪತ್ರ ಶುರು ಮಾಡಿ.

ಕಾಗದಪತ್ರ ಯಾಕೆ, ಹಂಚು ನನ್ನದು, ಮನೆ ನನ್ನದು ಅನ್ನಬಹುದು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮನೆ ಕಟ್ಟಲು ಮಾತ್ರವಲ್ಲ, ಇರುವ ಮನೆಯನ್ನು ಮಾರ್ಪಡಿಸಲು, ಸೇರಿಸಿ ಕಟ್ಟಲು ಕೂಡ ಲಿಖಿತ ಅನುಮತಿ ಬೇಕು. ಪುರಸಭೆ, ನಗರಸಭೆ, ಪಾಲಿಕೆಗಳಲ್ಲಿ ಅವುಗಳ ಕಾಯ್ದೆಯಂತೆ ಪರವಾನಗಿ. ಹಾಗಾದರೆ ಮಾಡಿನ ಕೆಲಸ ದುರಸ್ತಿಯೋ ಮಾರ್ಪಾಡೋ? ಮೂರು ಸಂಗತಿ ನೋಡಿ: ಎತ್ತರ ಬದಲಾಗುತ್ತದೆಯೇ, ಸೂರು ಮುಂದಕ್ಕೆ ಚಾಚುತ್ತದೆಯೇ, ಭಾರ ಹೆಚ್ಚುತ್ತದೆಯೇ. ಮೂರೂ ಇಲ್ಲದೆ ಹಂಚಿನ ಜಾಗಕ್ಕೆ ಹಂಚೇ ಬಂದರೆ ಅದನ್ನು ದುರಸ್ತಿ ಎಂದು ವಾದಿಸಲು ಆಧಾರವಿದೆ. ಆದರೂ ಬಾಯಿಮಾತಿಗೆ ನಿಲ್ಲಬೇಡಿ. ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11, ತೆರಿಗೆ ರಶೀದಿ, ಈಗಿನ ಮಾಡಿನ ಫೋಟೋ, ಅಳತೆ ಬರೆದ ಒಂದು ಕೈನಕ್ಷೆ ಇಟ್ಟು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒ ಅವರಿಗೆ, ಅರ್ಜಿ ಕೊಟ್ಟು ಲಿಖಿತ ಹಿಂಬರಹ ಪಡೆಯಿರಿ. ನೆರೆಮನೆಯವರಿಂದ ತಕರಾರು ಬಂದರೆ ಕೈಗೆ ಬರುವುದು ಆ ಹಾಳೆಯೇ.

ಹಂಚು ತೆಗೆದು ಸ್ಲ್ಯಾಬ್ ಹಾಕಿಸುವುದಾದರೆ ಅದು ದುರಸ್ತಿಯಲ್ಲ. ಹಂಚು, ಅದು ಕೂರುವ ಅಡ್ಡಪಟ್ಟಿಯಾದ ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕಿಲೋ ಭಾರ. 5 ಇಂಚಿನ ಕಾಂಕ್ರೀಟ್ 300 ಕಿಲೋ ದಾಟುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಮುರಕಲ್ಲಿನ ಗೋಡೆಗೆ ಅದನ್ನು ಹೊರಿಸುವ ಮೊದಲು ಎಂಜಿನಿಯರ್ ಒಬ್ಬರಿಗೆ ಗೋಡೆ, ಪಾಯ ತೋರಿಸದೆ ಮುಂದುವರಿಯಬೇಡಿ.

ಇನ್ನು ಮೂರು ಇಲಾಖೆಗಳ ನೆನಪಿರಲಿ. ಸಮುದ್ರದ ಭರತರೇಖೆಯಿಂದ 500 ಮೀಟರ್ ಒಳಗಿನ ಮನೆಗೂ, ಉಬ್ಬರದ ನೀರು ಏರುವ ಹೊಳೆದಂಡೆಯ ಮನೆಗೂ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ತಗಲಬಹುದು. ಅಲ್ಲಿ ಇರುವ ತಳಪಾಯದ ಅಳತೆ ಮೀರಬಾರದು. ಕಾರ್ಕಳ, ಭಟ್ಕಳದಂಥ ಊರುಗಳಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ದುರಸ್ತಿಗೂ ಮೊದಲೇ ಅನುಮತಿ ಬೇಕು. ಮೂರನೆಯದು ಅರಣ್ಯ ಇಲಾಖೆ: ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ನಿಮ್ಮದೇ ತೋಟದ ಮರವನ್ನು ಪಕ್ಕಾಸಿಗೆಂದು ಕಡಿಯಲೂ ಅಪ್ಪಣೆ ಬೇಕು, ಮಿಲ್ಲಿಗೆ ಸಾಗಿಸಲು ರಹದಾರಿ ಬೇಕು. ಈ ಒಂದು ಕೆಲಸವೇ ತಿಂಗಳು ನುಂಗಿಬಿಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. 30 ಅಡಿ ಉದ್ದ, 20 ಅಡಿ ಅಗಲದ ಎರಡಿಳಿಜಾರಿನ ಮನೆ, ಸುತ್ತ 2 ಅಡಿ ಸೂರು ಎಂದಿಟ್ಟುಕೊಳ್ಳಿ. ನಮ್ಮ ಮಳೆಗೆ 30 ಡಿಗ್ರಿ ಇಳಿಜಾರು ಬೇಕು. ಅಂದರೆ ಅಡ್ಡಕ್ಕೆ 12 ಇಂಚು ಹೋದರೆ ಮೇಲಕ್ಕೆ 7 ಇಂಚು. ಆಗ ಮಾಡಿನ ಹರವು ಸುಮಾರು 940 ಚದರಡಿ, 87 ಚದರ ಮೀಟರ್. ಚದರ ಮೀಟರಿಗೆ 15 ಹಂಚಿನಂತೆ 1,310. ಒಡೆಯುವುದಕ್ಕೆ ನೂರಕ್ಕೆ 5 ಸೇರಿಸಿದರೆ 1,380. ನೆತ್ತಿಯ ಹಂಚು ಮೀಟರಿಗೆ 3ರಂತೆ 32, ಎರಡು ಹೆಚ್ಚಿಗೆ ತನ್ನಿ. ಒಂದು ಹಂಚು ಎರಡೂವರೆ ಕಿಲೋ ಅಂದುಕೊಂಡರೆ ಒಣಗಿದ್ದಾಗಲೇ ಮೂರೂಕಾಲು ಟನ್. ಮಂಗಳೂರು ಹಂಚಿನ ಭಾರತೀಯ ಮಾನಕ, ಐಎಸ್ 654, ಎರಡನೇ ದರ್ಜೆಗೆ ನೂರಕ್ಕೆ 20ರವರೆಗೆ ನೀರು ಹೀರಲು ಬಿಡುತ್ತದೆ. ಹಾಗೆ ಹೀರಿದರೆ ಜಡಿಮಳೆಯ ಆಟಿ ತಿಂಗಳಲ್ಲಿ ಪಕ್ಕಾಸಿನ ಮೇಲೆ ಇನ್ನೂ 650 ಕಿಲೋ. ಅಗ್ಗದ ಹಂಚು ಕೊಂಡು ಮರದಲ್ಲಿ ತೆತ್ತಂತೆ. ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ. ಚೆನ್ನಾಗಿ ಬೆಂದದ್ದು ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಬೊಡ್ಡು ಸದ್ದು ಕೊಡುತ್ತದೆ.

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದ ಈ ಹಂಚಿನ ಜಾಣತನ ಇರುವುದು ಅಂಚಿನ ಕಾಲುವೆಯಲ್ಲಿ. ಒಂದರ ಕಾಲುವೆ ಇನ್ನೊಂದರ ಏಣಿನಲ್ಲಿ ಕೂರಬೇಕು. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಕೂದಲೆಳೆಯಷ್ಟು ಬೇರೆ. ಹಳೆಯದನ್ನೂ ಹೊಸದನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ. ಹಳೆಯ ಹಂಚೆಲ್ಲ ಮನೆಯ ಹಿಂಬದಿಯ ಇಳಿಜಾರಿಗೆ, ಹೊಸತು ಮುಂಬದಿಯ ಇಳಿಜಾರಿಗೆ ಹೋಗಲಿ.

ಹೆಚ್ಚಿನ ಮಾಡು ಸೋರುವುದು ರೀಪಿನ ಅಂತರ ತಪ್ಪಿದ್ದರಿಂದ. ಬಡಗಿಯ ಅಂದಾಜಿಗೆ ಬಿಡಬೇಡಿ. ತಂದ ಹಂಚಿನಲ್ಲೇ 11 ಆರಿಸಿ, ನೆಲದಲ್ಲಿ ಒಂದರ ಕೆಳಗೊಂದು ಹೊಂದಿಸಿ ಒತ್ತಿ ಜೋಡಿಸಿ. ಮೊದಲನೆಯದರ ಮೇಲಂಚಿನಿಂದ 11ನೆಯದರ ಮೇಲಂಚಿನವರೆಗೆ ಅಳೆಯಿರಿ. ಆಮೇಲೆ ಕಳಚದ ಹಾಗೆ ಎಳೆದು ಮತ್ತೆ ಅಳೆಯಿರಿ. ಎರಡು ಅಳತೆಯ ಸರಾಸರಿಯನ್ನು 10ರಿಂದ ಭಾಗಿಸಿದರೆ ರೀಪಿನ ಅಂತರ ಸಿಕ್ಕಿತು, ಸಾಮಾನ್ಯವಾಗಿ 32 ಸೆಂಟಿಮೀಟರಿನ ಆಸುಪಾಸು. ಅದೇ ಅಳತೆಗೆ ಒಂದು ಕೋಲು ಕತ್ತರಿಸಿ ಪ್ರತಿ ಸಾಲಿಗೂ ಇಟ್ಟು ಮೊಳೆ ಹೊಡೆಯಿರಿ. ಅಂತರ ಹೆಚ್ಚಾದರೆ ಮೇಲುಹೊದಿಕೆ ಸಾಲದೆ ಗಾಳಿಮಳೆಯ ಎರಚಲು ಒಳನುಗ್ಗುತ್ತದೆ, ಕಡಿಮೆಯಾದರೆ ಹಂಚು ಎದ್ದು ಕೂರುತ್ತದೆ. ಸೂರಿನ ಕೊನೆಯ ರೀಪು ಮಾತ್ರ ಒಂದು ಹಂಚಿನ ದಪ್ಪದಷ್ಟು ಎತ್ತರವಿರಬೇಕು. ಕೆಳಸಾಲಿಗೆ ಅಡಿಯಲ್ಲಿ ಆಸರೆಗೆ ಇನ್ನೊಂದು ಹಂಚಿಲ್ಲವಲ್ಲ, ಎತ್ತರಿಸದಿದ್ದರೆ ಅದು ಮೂಗು ತಗ್ಗಿಸಿ, ಎರಡನೇ ಸಾಲಿನೊಂದಿಗೆ ಸಂದು ಬಿಡುತ್ತದೆ.

ಬಿಚ್ಚುವ ಹಿಂದಿನ ದಿನ ಮೆಸ್ಕಾಂ ಅಥವಾ ಹೆಸ್ಕಾಂ ಲೈನ್‌ಮನ್‌ಗೆ ತಿಳಿಸಿ ಸರ್ವಿಸ್ ವೈರ್ ಕಡಿಸಿಕೊಳ್ಳಿ. ಬಿಚ್ಚುವಾಗಲೂ ಹೊದಿಸುವಾಗಲೂ ಎರಡು ಇಳಿಜಾರುಗಳಲ್ಲಿ ಕೆಲಸ ಸಮಸಮ ಸಾಗಲಿ; ಒಂದೇ ಬದಿಗೆ ಒಂದೂವರೆ ಟನ್ ಬಿದ್ದರೆ ಪಕ್ಕಾಸು ಆ ಕಡೆಗೆ ವಾಲುತ್ತದೆ. ಸೂರಿನ ಸಾಲು ಮತ್ತು ಕೊನೆಗೋಡೆಯ ಮೇಲಿನ ಹಂಚುಗಳನ್ನು ಅಡಿಯ ಕಿವಿಯಲ್ಲಿ ತಂತಿ ಪೋಣಿಸಿ ರೀಪಿಗೆ ಬಿಗಿಯಿರಿ. ಗಾಳಿ ಎತ್ತುವುದು ಅಲ್ಲಿಂದಲೇ. ಕಡಲ ಹತ್ತಿರ ಸಾದಾ ಕಬ್ಬಿಣದ ತಂತಿ ತುಕ್ಕು ಹಿಡಿದು ಬೇಗ ಹೋಗುತ್ತದೆ, ತಾಮ್ರದ್ದು ವಾಸಿ.

ನೆತ್ತಿಯ ಹಂಚನ್ನು ನೀರಲ್ಲಿ ನೆನೆಸಿಟ್ಟು ಕೂರಿಸಬೇಕು, ಒಣ ಹಂಚು ಗಾರೆಯ ನೀರನ್ನೆಲ್ಲ ಹೀರಿ ಹಿಡಿತ ಕೆಡಿಸುತ್ತದೆ. ಸಿಮೆಂಟ್ ಹೆಚ್ಚು ಹಾಕಿದರೆ ಗಟ್ಟಿ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಬಿಸಿಲಿಗೆ ಮಾಡು ಅಲುಗಾಡುತ್ತದೆ, ಗಡುಸು ಗಾರೆ ಬಿರಿಯುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಜೊತೆಗೆ ಸ್ವಲ್ಪ ಸುಣ್ಣ ಸಾಕು. ಎರಡು ಮಾಡು ಕೂಡುವ ಒಳಮೂಲೆಯಲ್ಲಿ ನೀರು ಹರಿಯುವ ತಗಡಿನ ದಂಬೆಗೆ ಹಂಚಿನ ಅಂಚು ಎರಡೂ ಬದಿ ನಾಲ್ಕು ಬೆರಳು ಚಾಚಿರಲಿ. ಅಲ್ಲಿ ತರಗೆಲೆ ಕಟ್ಟಿದರೆ ನೀರು ತಗಡಿನ ಅಂಚು ಹತ್ತಿ ನೇರ ಗೋಡೆಗೆ ಇಳಿಯುತ್ತದೆ.

ಮೊದಲ ದೊಡ್ಡ ಮಳೆ ಸುರಿಯುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ. ಹನಿ ಬಿದ್ದಲ್ಲೇ ತೂತು ಇರುವುದಿಲ್ಲ. ನೀರು ರೀಪಿನ ಅಡಿ ಹಿಡಿದು ಪಕ್ಕಾಸಿನುದ್ದ ಇಳಿದು ಬಂದಿರುತ್ತದೆ. ಒದ್ದೆ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಿ, ಸಿಕ್ಕ ಹಂಚಿಗೆ ಒಳಗಿನಿಂದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ, ಬಿಸಿಲು ಬಂದ ಮೇಲೆ ಬದಲಿಸಿದರಾಯಿತು.

ನಮಸ್ಕಾರ.