ದೋಣಿಯ ಮೋಟಾರ್ ಮಿಸ್ಸಿಂಗ್ ಹೊಡೆದರೆ ಮೊದಲು ಟ್ಯಾಂಕ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರ್ ಇದೆಯಲ್ಲ, ಅದು ಪೂರ್ತಿ ಕೆಟ್ಟು ನಿಂತರೆ ಒಂದು ಲೆಕ್ಕ. ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಕೆಮ್ಮುತ್ತದೆ, ಜಗ್ಗುತ್ತದೆ, ನಡುನಡುವೆ ದಮ್ಮು ಬಿಡುತ್ತದೆ. ಇದು ಇನ್ನೊಂದು ಲೆಕ್ಕ, ಮಿಸ್ಸಿಂಗ್ ಅನ್ನುವುದು ಇದಕ್ಕೇ. ಇಂಥ ಹೊತ್ತಿನಲ್ಲಿ ತುಂಬಾ ಜನ ನೇರವಾಗಿ ಕಾರ್ಬೊರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ, ಬಿಚ್ಚಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೊಂದರೆ ಹೆಚ್ಚಿನ ಸಲ ಪೆಟ್ರೋಲಿನದ್ದೇ. ಹಾಗಾಗಿ ಟ್ಯಾಂಕಿನಿಂದ ಶುರು ಮಾಡಿ, ಪೈಪ್ ಹಿಡಿದುಕೊಂಡು ಮೋಟಾರಿನ ಕಡೆಗೆ ಬನ್ನಿ.

ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಒಳಗೆ ಬಿಡುವ ಒಂದು ಸಣ್ಣ ತಿರುಪು ಇರುತ್ತದೆ. ಅದು ಮುಚ್ಚಿದ್ದರೆ ಮೋಟಾರ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ. ಪೆಟ್ರೋಲ್ ಖಾಲಿಯಾದಷ್ಟು ಟ್ಯಾಂಕಿನೊಳಗೆ ಗಾಳಿ ಬರಬೇಕು, ಬರುವುದಿಲ್ಲ. ಪೆಟ್ರೋಲ್ ಎಳೆಯುವುದು ಕಷ್ಟವಾಗುತ್ತಾ ಹೋಗಿ ಮೋಟಾರ್ ತಡವರಿಸುತ್ತದೆ. ಮುಚ್ಚಳ ಸಡಿಲಿಸಿದಾಗ ಸುಯ್ ಅಂತ ಗಾಳಿ ಒಳಗೆ ನುಗ್ಗಿದರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ.

ಆಮೇಲೆ ಪೈಪಿನ ನಡುವಿನ ರಬ್ಬರ್ ಬಲ್ಬ್, ಅಂದರೆ ಅಮುಕಿ ಪೆಟ್ರೋಲನ್ನು ಮೋಟಾರಿನ ಕಡೆಗೆ ತಳ್ಳುವ ಉಂಡೆ. ಬಾಣದ ಗುರುತು ಮೇಲಕ್ಕೆ ಬರುವಂತೆ ನೆಟ್ಟಗೆ ಹಿಡಿದು ಅಮುಕಿ. ನಾಲ್ಕಾರು ಸಲ ಅಮುಕುವಷ್ಟರಲ್ಲಿ ಅದು ಗಟ್ಟಿಯಾಗಬೇಕು. ಎಷ್ಟು ಅಮುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ಒಳಗಿನ ವಾಲ್ವ್ ಕೆಟ್ಟಿದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ: ನೀರಿಗಿಂತ ಗಾಳಿಯೇ ಜಾಸ್ತಿ ಬರುತ್ತದೆ. ಪೈಪಿನ ತುದಿಯ ಕನೆಕ್ಟರ್ ಒಳಗೆ ಒಂದು ಚಿಕ್ಕ ರಬ್ಬರ್ ರಿಂಗ್ ಇದೆ. ಅದು ಸವೆದರೆ, ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಸೋರದೆಯೂ ಗಾಳಿ ಒಳಗೆ ನುಸುಳಬಹುದು. ಒದ್ದೆ ಕಾಣಲಿಲ್ಲ ಅಂತ ಸುಮ್ಮನಾಗಬೇಡಿ. ಇನ್ನು, ಓಡುತ್ತಿರುವಾಗ ಬಲ್ಬ್ ಚಪ್ಪಟೆಯಾಗಿ ಒಳಗೆ ಸೆಳೆದುಕೊಂಡಿದ್ದರೆ ಅಡಚಣೆ ಬಲ್ಬ್ ಮತ್ತು ಟ್ಯಾಂಕಿನ ನಡುವೆಯೇ ಇದೆ.

ನನಗೆ ತುಂಬಾ ಇಷ್ಟವಾದ ಒಂದು ಪರೀಕ್ಷೆ ಇದೆ. ಮೋಟಾರ್ ತಡವರಿಸುವ ಹೊತ್ತಿಗೆ ಜೊತೆಗಿದ್ದವರಿಗೆ ಬಲ್ಬ್ ಅಮುಕಲು ಹೇಳಿ. ಅಮುಕಿದ ಕೂಡಲೇ ಚೇತರಿಸಿಕೊಂಡರೆ ಕಿಡಿ ಹೊತ್ತಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಕಡೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ, ಅಷ್ಟೇ. ಪೈಪ್, ಫಿಲ್ಟರ್, ಮೋಟಾರಿನ ಪೆಟ್ರೋಲ್ ಪಂಪ್, ಇವುಗಳಲ್ಲೇ ಒಂದು ಕೈ ಕೊಟ್ಟಿದೆ. ಪಂಪಿನ ತೆಳು ಪೊರೆ ಹರಿದರೂ ಹೀಗೇ ಆಗುತ್ತದೆ.

ಪೆಟ್ರೋಲ್ ಬಂದರೆ ಸಾಲದು, ಅದು ಚೆನ್ನಾಗಿಯೂ ಇರಬೇಕು ಅಲ್ವಾ? ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಒಂದು ಪಾರದರ್ಶಕ ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ಕೆಳಗೆ ಕೂರುತ್ತದೆ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥೆನಾಲೂ ಒಟ್ಟಿಗೆ ಬೇರ್ಪಟ್ಟು ತಳ ಸೇರುತ್ತವೆ. ಎಳೆಯುವ ಪೈಪಿನ ಬಾಯಿ ಇರುವುದೂ ತಳದಲ್ಲೇ. ಹಾಗಾಗಿ ಮೋಟಾರಿಗೆ ಮೊದಲ ಗುಟುಕೇ ಕೆಟ್ಟದ್ದು. ಅಂಥದ್ದನ್ನು ಸೋಸಿ ಬಳಸುವ ಆಸೆ ಬೇಡ, ಪೂರ್ತಿ ತೆಗೆದು ಹೊಸದು ತುಂಬಿ. ತೆಗೆದದ್ದನ್ನು ನೀರಿಗೆ ಮಾತ್ರ ಸುರಿಯಬೇಡಿ. ಟೂ ಸ್ಟ್ರೋಕ್ ಆದರೆ ಆಯಿಲ್ ಬೆರಕೆಯನ್ನೂ ನೋಡಿ. ಕಂಪನಿ 50ಕ್ಕೆ 1 ಅಂದಿದ್ದರೆ ಲೀಟರಿಗೆ 20 ಮಿಲಿ. ಕಣ್ಣಳತೆ ಬೇಡ.

ಇಷ್ಟಾದರೂ ಸರಿಹೋಗಲಿಲ್ಲವೇ? ಈಗ ಯಾವ ಸ್ಪೀಡಿನಲ್ಲಿ ತೊಂದರೆ ಅಂತ ಗಮನಿಸಿ. ಐಡ್ಲಿಂಗ್‌ನಲ್ಲಿ ನಡುಗಿ ಆಫ್ ಆಗುತ್ತದೆ, ಥ್ರಾಟಲ್ ಕೊಟ್ಟರೆ ಚೆನ್ನಾಗಿ ಓಡುತ್ತದೆ ಅಂದರೆ ಕಾರ್ಬೊರೇಟರಿನ ಪೈಲಟ್ ಜೆಟ್ ಮೇಲೆ, ಅಂದರೆ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಮೇಲೆ, ಅನುಮಾನ. ತಿಂಗಳುಗಟ್ಟಲೆ ನಿಂತ ಮೋಟಾರಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗಿ ಆ ಸಣ್ಣ ತೂತನ್ನು ಮುಚ್ಚಿರುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಊದಿ ತೆಗೆಯಿರಿ. ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಜೆಟ್ಟೇ ಹೋಯಿತು.

ಈಗ ಪ್ಲಗ್. ಬಿಚ್ಚುವಾಗ ಯಾವುದು ಯಾವ ಸಿಲಿಂಡರಿನದ್ದು ಅಂತ ಗುರುತು ಇಟ್ಟುಕೊಳ್ಳಿ, ಸಾಲಾಗಿ ಜೋಡಿಸಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಂದು ಕಂದು, ಪಕ್ಕದ್ದು ಕಪ್ಪಾಗಿ ಪೆಟ್ರೋಲಿನಲ್ಲಿ ತೊಯ್ದಿದೆ ಅಂದರೆ ಆ ಎರಡನೆಯದರಲ್ಲಿ ಕಿಡಿ ಸರಿಯಾಗಿ ಹೊತ್ತುತ್ತಿಲ್ಲ. ಬಿಳಿಚಿಕೊಂಡು ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ ಬಂದು ಬಿಸಿ ಜಾಸ್ತಿಯಾಗಿದೆ. ಒದ್ದೆ ಪ್ಲಗ್ಗನ್ನು ಒರೆಸಿ ಇನ್ನೊಂದು ಸಿಲಿಂಡರಿಗೆ ಹಾಕಿ, ಅಲ್ಲಿನದನ್ನು ಇಲ್ಲಿಗೆ ತನ್ನಿ. ತೊಂದರೆ ಪ್ಲಗ್ ಜೊತೆಗೇ ಹೋದರೆ ಪ್ಲಗ್ ಬದಲಿಸಿ. ಅಲ್ಲೇ ಉಳಿದರೆ ಕಾಯಿಲ್, ಅದರ ವೈರ್, ಆ ಸಿಲಿಂಡರಿನ ಕಾರ್ಬೊರೇಟರ್ ನೋಡಬೇಕು. ತಣ್ಣಗಿದ್ದಾಗ ಸರಿಯಾಗಿದ್ದು, ಕಾದ ಮೇಲೆ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಕಾಯಿಲ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಕಿಡಿ ಪರೀಕ್ಷೆಗೆ ಸ್ಪಾರ್ಕ್ ಟೆಸ್ಟರ್ ಬಳಸಿ. ವೈರನ್ನು ಬರಿಗೈಯಲ್ಲಿ ಹಿಡಿಯಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿ ಅದರ ಹತ್ತಿರ ಬೇಡ. ಮೋಟಾರ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಜಾಗದಲ್ಲಿ ಇಲ್ಲದಿದ್ದರೆ ಕಿಡಿಯೇ ಬರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಓಡುವಾಗ ಮೋಟಾರಿನ ಪಕ್ಕದಿಂದ ತೆಳ್ಳಗೆ ನೀರು ಚಿಮ್ಮುವುದನ್ನು ನೋಡಿರುತ್ತೀರಿ. ಮೋಟಾರನ್ನು ತಣ್ಣಗಿಡುವ ನೀರು ಅದು. ಆ ಧಾರೆ ಸಣ್ಣದಾದರೆ ತೂತಿನಲ್ಲಿ ಕಸ ಇರಬಹುದು, ಇಲ್ಲವೇ ಒಳಗೆ ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಸವೆದಿರಬಹುದು. ಎಷ್ಟೋ ಹೊಸ ಮೋಟಾರುಗಳು ಕಾದಾಗ ತಾವಾಗಿಯೇ ವೇಗ ಇಳಿಸುತ್ತವೆ, ನೋಡುವವರಿಗೆ ಅದು ಮಿಸ್ಸಿಂಗ್ ಅನ್ನಿಸುತ್ತದೆ. ನೀರಿಲ್ಲದೆ ಒಣ ನೆಲದಲ್ಲಿ ಸುಮ್ನೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತ ಹೊರಡಬೇಡಿ. ಇಂಪೆಲ್ಲರ್ ಅಷ್ಟರಲ್ಲೇ ಹಾಳಾಗಬಹುದು. ಇಂಜಿನ್ ಜೋರಾಗಿ ಕೂಗುತ್ತಿದೆ, ದೋಣಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ ಅಂದರೆ ಪ್ರೊಪೆಲರಿನ ನಡುವಿನ ರಬ್ಬರ್ ಜಾರುತ್ತಿರಬಹುದು.

ಇಷ್ಟೆಲ್ಲ ನೋಡಿಯೂ ಒಂದು ಸಿಲಿಂಡರ್ ಸತ್ತ ಹಾಗೇ ಇದ್ದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಸಿಲಿಂಡರುಗಳ ನಡುವೆ ನೂರಕ್ಕೆ ಹದಿನೈದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಳಗೆ ಸವೆತ ಇದೆ. ಅದು ಮೆಕ್ಯಾನಿಕ್ ಕೆಲಸ. ಹೋಗುವಾಗ ಯಾವ ಸ್ಪೀಡಿನಲ್ಲಿ, ತಣ್ಣಗಿದ್ದಾಗಲೋ ಕಾದ ಮೇಲೋ ತೊಂದರೆ, ಬಲ್ಬ್ ಅಮುಕಿದರೆ ಏನಾಯಿತು ಅನ್ನುವುದನ್ನು ಬರೆದುಕೊಂಡು ಹೋಗಿ. ಬಿಚ್ಚಿದ ಪ್ಲಗ್ಗುಗಳನ್ನೂ ಒರೆಸದೆ ಜೊತೆಗೆ ತೆಗೆದುಕೊಂಡು ಹೋಗಿ. ನಮಸ್ಕಾರ.