ಒಬ್ಬ ಹುಡುಗಿಗಾಗಿ ಉಳಿದ ಸ್ಟೇಷನ್: ಅದರ ಪೂರ್ತಿ ಕಥೆ

(ದೃಶ್ಯ: ಹಿಮದ ನಡುವೆ ಮರದ ಚಿಕ್ಕ ಕೋಣೆ, ಪಕ್ಕದಲ್ಲಿ ರೈಲು ಹಳಿ)

ನಮಸ್ಕಾರ. ಜಪಾನಿನಲ್ಲಿ ಒಬ್ಬಳೇ ವಿದ್ಯಾರ್ಥಿನಿಗೋಸ್ಕರ ಒಂದು ರೈಲ್ವೆ ಸ್ಟೇಷನ್ ಮುಚ್ಚದೆ ಉಳಿಸಿದರಂತೆ. ಈ ಸುದ್ದಿ ನೀವೂ ಓದಿರಬೇಕು ಅಲ್ವಾ? 2016ರ ಜನವರಿಯಲ್ಲಿ ಇದು ಲೋಕವೆಲ್ಲ ಸುತ್ತಿತು. ಆದರೆ ಅದರಲ್ಲಿ ಸ್ಟೇಷನ್ ಹೆಸರೇ ತಪ್ಪಾಗಿತ್ತು.

(ದೃಶ್ಯ: ಹೊಕ್ಕೈಡೊ ನಕ್ಷೆ)

ಜಾಗ ಹೊಕ್ಕೈಡೊ ದ್ವೀಪದ ಶಿರಟಾಕಿ. ಈ ಹೆಸರಿನ ಅರ್ಥ ಬಿಳಿ ಜಲಪಾತ. ಸೆಕಿಹೊಕು ಮಾರ್ಗದಲ್ಲಿ ಇದೇ ಹೆಸರಿನ ನಾಲ್ಕು ಸ್ಟೇಷನ್ ಸಾಲಾಗಿದ್ದವು. ಕಾಮಿ ಅಂದರೆ ಮೇಲಿನ ಶಿರಟಾಕಿ, ಆಮೇಲೆ ಬರೀ ಶಿರಟಾಕಿ, ಕ್ಯೂ ಅಂದರೆ ಹಳೇ ಶಿರಟಾಕಿ, ಶಿಮೊ ಅಂದರೆ ಕೆಳಗಿನ ಶಿರಟಾಕಿ. ಸುದ್ದಿಯಲ್ಲಿ ಬಂದದ್ದು ಕಾಮಿ. ಆ ಹುಡುಗಿ ರೈಲು ಹತ್ತುತ್ತಿದ್ದದ್ದು ಕ್ಯೂ ಶಿರಟಾಕಿಯಲ್ಲಿ. ರೈಲಿನಲ್ಲಿ ಅವಳೊಬ್ಬಳೇ ಇರುತ್ತಿರಲಿಲ್ಲ, ಬೇರೆ ಕಡೆಯಿಂದ ಹತ್ತಿದ ಮಕ್ಕಳೂ ಇರುತ್ತಿದ್ದರು.

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಈ ಕ್ಯೂ ಶಿರಟಾಕಿ ಸ್ಟೇಷನ್ನಿನ ಬದುಕು. ಬೆಟ್ಟಕ್ಕೆ ಸುರಂಗ ಕೊರೆದು 1932ರಲ್ಲಿ ಮಾರ್ಗ ಪೂರ್ತಿಯಾದಾಗ ಇಲ್ಲಿ ರೈಲು ನಿಲ್ಲುತ್ತಿರಲಿಲ್ಲ. 1947ರಲ್ಲಿ ಊರವರಿಗೆ ಹತ್ತಿ ಇಳಿಯಲು ತಾತ್ಕಾಲಿಕ ನಿಲುಗಡೆ ಕೊಟ್ಟರು. ಹೊಕ್ಕೈಡೊದಲ್ಲಿ ಇಂಥವು ಬೇಕಾದಷ್ಟಿದ್ದವು. ರೈಲು ನಿಲ್ಲುತ್ತಿತ್ತು, ಜನ ಹತ್ತುತ್ತಿದ್ದರು, ಆದರೆ ಎಷ್ಟೋ ನಿಲುಗಡೆಗಳ ಹೆಸರು ದೇಶದ ವೇಳಾಪಟ್ಟಿಯಲ್ಲೇ ಇರುತ್ತಿರಲಿಲ್ಲ. 1987ರ ಏಪ್ರಿಲ್ 1ರಂದು ರಾಷ್ಟ್ರೀಯ ರೈಲ್ವೆಯನ್ನು ಒಡೆದು ಬೇರೆ ಬೇರೆ ಕಂಪನಿ ಮಾಡಿದರು, ಇಲ್ಲಿಯದು ಜೆಆರ್ ಹೊಕ್ಕೈಡೊ. ಅದೇ ದಿನ ಕ್ಯೂ ಶಿರಟಾಕಿಗೆ ಸ್ಟೇಷನ್ ಅನ್ನುವ ದರ್ಜೆ ಸಿಕ್ಕಿತು. ಅದಕ್ಕಾಗಿ 40 ವರ್ಷ ಕಾದಿತ್ತು. ಸಿಕ್ಕ ಮೇಲೆ 29 ವರ್ಷವೂ ಉಳಿಯಲಿಲ್ಲ.

ಸುತ್ತಲ ಹಳ್ಳಿಗಳು ಖಾಲಿಯಾಗುತ್ತಾ ಬಂದವು. ಕೊನೆಕೊನೆಗೆ ಕಾಮಿ ಶಿರಟಾಕಿಯಲ್ಲಿ ದಿನಕ್ಕೆ ಹೋಗುವುದೊಂದು, ಬರುವುದೊಂದು ರೈಲು ನಿಲ್ಲುತ್ತಿತ್ತು, ಅಷ್ಟೇ.

ಜಪಾನಿನಲ್ಲಿ ಶಾಲೆಯ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ. ರೈಲಿನ ವೇಳಾಪಟ್ಟಿ ಬದಲಾಗುವುದೂ ಹೆಚ್ಚಾಗಿ ಮಾರ್ಚ್‌ನಲ್ಲೇ. ಹೀಗಾಗಿ ಹುಡುಗಿಯ ಓದು ಮುಗಿಯುವುದಕ್ಕೂ ಸ್ಟೇಷನ್ ಮುಚ್ಚುವುದಕ್ಕೂ ಸರಿಹೋಯಿತು. 2016ರ ಮಾರ್ಚ್ 26ಕ್ಕೆ ಕಾಮಿ, ಕ್ಯೂ, ಶಿಮೊ ಮೂರೂ ಪ್ರಯಾಣಿಕರಿಗೆ ಇಲ್ಲವಾದವು.

(ದೃಶ್ಯ: ಓಡುವ ರೈಲಿನ ಕಿಟಕಿಯಿಂದ ಕಾಡು)

ರೈಲು ಮಾತ್ರ ನಿಂತಿಲ್ಲ. ಶಿಮೊ ಶಿರಟಾಕಿ ಈಗ ಸಿಗ್ನಲ್ ಜಾಗ. ಒಂದು ರೈಲಿಗೆ ದಾರಿ ಬಿಡಲು ಇನ್ನೊಂದು ಅಲ್ಲಿ ಕಾಯಬಹುದು, ಯಾರೂ ಇಳಿಯುವಂತಿಲ್ಲ. ಕಾಮಿ ಶಿರಟಾಕಿ ಹೋದ ಮೇಲೆ, ಅದರ ಆಚೆಗಿನ ಕಾಮಿಕಾವಾ ಸ್ಟೇಷನ್ ಬಿಟ್ಟ ರೈಲಿಗೆ ಮುಂದಿನ ಸ್ಟೇಷನ್ ಶಿರಟಾಕಿಯೇ. ನಡುವೆ 37.3 ಕಿಲೋಮೀಟರ್ ಬರೀ ಬೆಟ್ಟ, ಕಾಡು, ಸುರಂಗ.