ಮಾದರಿ ವಿಮಾನದ ಒಡಲಲ್ಲೊಂದು ಲೆಕ್ಕದ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ರೇಡಿಯೋ ನಿಯಂತ್ರಣದ ಮಾದರಿ ವಿಮಾನ ಮೇಲಕ್ಕೇರಿದ ಮೇಲೆ ನೆಲದಲ್ಲಿ ನಿಂತವರಿಗೆ ಕಾಣುವುದು ಅದರ ಆಕಾರ ಮಾತ್ರ. ಬ್ಯಾಟರಿ ಎಷ್ಟು ಖಾಲಿಯಾಗಿದೆ, ಮೋಟಾರು ಎಷ್ಟು ಕರೆಂಟು ಎಳೆಯುತ್ತಿದೆ, ಎತ್ತರ ಎಷ್ಟು, ಎಲ್ಲವೂ ಅಂದಾಜು. ಆ ಅಂದಾಜನ್ನು ಅಂಕಿಗೆ ಇಳಿಸುವುದೇ ಟೆಲಿಮೆಟ್ರಿ ಡೇಟಾ ಲಾಗರಿನ ಕೆಲಸ. ಇದರ ಅಂಕಿ ಸುಳ್ಳಾದಾಗ ತಪ್ಪು ಸಾಧನದ್ದೇ ಇರಬೇಕೆಂದಿಲ್ಲ. ಬಹಳ ಸಲ ಅದು ಕೂರಿಸಿದ ಜಾಗದ್ದು, ತಂತಿ ಎಳೆದ ರೀತಿಯದ್ದು. ಹಾಗಾಗಿ ಇವತ್ತು ಜೋಡಣೆಯ ಮಾತೇ ಹೆಚ್ಚು.

ಉದಾಹರಣೆಗೆ, ಕಲಿಯುವವರು ಹಾರಿಸುವ ಸಾಧಾರಣ ವಿಮಾನವೊಂದನ್ನು ಇಟ್ಟುಕೊಳ್ಳೋಣ. ತೂಕ 1200 ಗ್ರಾಂ, ಮೂರು ಸೆಲ್ಲಿನ 2200 ಮಿಲಿ ಆಂಪಿಯರ್ ಅವರ್ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, 10 ಅಂಗುಲದ ಪ್ರೊಪೆಲ್ಲರ್, ಮೋಟಾರಿನ ವೇಗ ನಿಯಂತ್ರಿಸುವ 30 ಆಂಪಿಯರಿನ ಸ್ಪೀಡ್ ಕಂಟ್ರೋಲರ್. ಥ್ರಾಟಲ್ ಪೂರ್ತಿ ಕೊಟ್ಟಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ.

ಲೆಕ್ಕ ಬರೆದಿಡುವ ಬಗೆ ಎರಡು. ಸೆನ್ಸರುಗಳ ಅಂಕಿಯನ್ನು ರಿಸೀವರ್ ಕೆಳಕ್ಕೆ ಕಳಿಸಿ, ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಮೆಮೊರಿ ಕಾರ್ಡಿನಲ್ಲಿ ದಾಖಲಾಗುವುದು ಒಂದು. ವಿಮಾನದೊಳಗಿನ ಲಾಗರ್ ತನ್ನ ನೆನಪಿನಲ್ಲೇ ಬರೆದುಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಅಂಕಿ ಹಾರುವಾಗಲೇ ಕಿವಿಗೆ ಬೀಳುತ್ತದೆ, ಆದರೆ ಸಂಪರ್ಕ ಕಡಿದರೆ ದಾಖಲೆಯೂ ಅಲ್ಲಿಗೇ ಕಡಿಯುತ್ತದೆ. ವಿಮಾನ ಬಿದ್ದಾಗ ಬೇಕಾಗುವುದು ಆ ಕಡೆಯ ಕ್ಷಣಗಳೇ ತಾನೆ! ಆದರೂ ಹೊಸಬರಿಗೆ ಮೊದಲನೆಯದೇ ಒಳ್ಳೆಯದು. ಬ್ಯಾಟರಿ ಕುಸಿಯುತ್ತಿದೆ ಎಂದು ಗಾಳಿಯಲ್ಲಿರುವಾಗಲೇ ತಿಳಿದರೆ ಬೀಳುವ ಪ್ರಸಂಗವೇ ಕಡಿಮೆ.

ಈಗ ಕರೆಂಟ್ ಸೆನ್ಸರ್. ಬ್ಯಾಟರಿಗೂ ಸ್ಪೀಡ್ ಕಂಟ್ರೋಲರಿಗೂ ನಡುವೆ, ಮುಖ್ಯ ತಂತಿಯಲ್ಲೇ ಇದು ಕೂರುತ್ತದೆ. ಬ್ಯಾಟರಿಯ ಕಡೆ ಯಾವುದು, ಕಂಟ್ರೋಲರಿನ ಕಡೆ ಯಾವುದು ಎಂದು ಮೈಮೇಲೆ ಗುರುತಿರುತ್ತದೆ. ಅದಲುಬದಲಾದರೆ ಹಲವು ಸೆನ್ಸರುಗಳು ಸೊನ್ನೆ ತೋರಿಸಿ ಸುಮ್ಮನಾಗುತ್ತವೆ. ಬೆಸುಗೆಗೆ 60 ವ್ಯಾಟಿನ ಸೋಲ್ಡರಿಂಗ್ ಐರನ್ ಆದರೂ ಬೇಕು. ಸಣ್ಣದರಲ್ಲಿ ತಿಕ್ಕುತ್ತಾ ಕೂತರೆ ಸೀಸ ಒಳಗೆ ಇಳಿಯುವುದಿಲ್ಲ, ಮೇಲೆ ಮಾತ್ರ ಹೊಳೆಯುತ್ತದೆ. ಎಕ್ಸ್.ಟಿ. 60 ಕನೆಕ್ಟರಿಗೆ ಬೆಸೆಯುವಾಗ ಅದರ ಜೋಡಿಯನ್ನು ಸಿಕ್ಕಿಸಿಟ್ಟುಕೊಳ್ಳಿ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನು ಓರೆಯಾಗುವುದಿಲ್ಲ.

ತಂತಿಯ ಉದ್ದದ ಬಗ್ಗೆ ಜಿಪುಣರಾಗಿರಿ. ಬ್ಯಾಟರಿಯ ಕಡೆಯ ತಂತಿ ಉದ್ದವಾದಷ್ಟೂ, ಕಂಟ್ರೋಲರ್ ಕರೆಂಟನ್ನು ಕ್ಷಣಕ್ಷಣವೂ ಕಡಿದು ಕೊಡುವಾಗ ವೋಲ್ಟೇಜು ಚಿಮ್ಮುತ್ತದೆ. ಆ ಹೊಡೆತ ತಿನ್ನುವುದು ಕಂಟ್ರೋಲರಿನ ಕೆಪಾಸಿಟರುಗಳು. ಉದ್ದ ಬೇಕೇ ಬೇಕೆಂದಾದರೆ ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಉದ್ದ ಮಾಡಿ.

ಸೆಲ್ಲುಗಳ ವೋಲ್ಟೇಜು ಓದಲು ಬ್ಯಾಲೆನ್ಸ್ ಪ್ಲಗ್ಗಿಗೂ, ಅಂದರೆ ಪ್ರತಿ ಸೆಲ್ಲಿನಿಂದಲೂ ತಂತಿ ಬರುವ ಬ್ಯಾಟರಿಯ ಸಣ್ಣ ಪ್ಲಗ್ಗಿಗೂ, ಒಂದು ಸೆನ್ಸರ್ ಹಾಕುವವರು ಇಲ್ಲಿ ಚೂರು ಗಮನ ಕೊಡಬೇಕು. ಯಾವಾಗಲೂ ಮುಖ್ಯ ಕನೆಕ್ಟರ್ ಮೊದಲು, ಬ್ಯಾಲೆನ್ಸ್ ಪ್ಲಗ್ ಆಮೇಲೆ. ಕಳಚುವಾಗ ತಿರುವುಮುರುವು. ಬ್ಯಾಲೆನ್ಸ್ ಪ್ಲಗ್ ಮೊದಲೇ ಕೂತಿದ್ದು, ಮುಖ್ಯ ಕನೆಕ್ಟರಿನಲ್ಲಿ ಧನ ಮಾತ್ರ ತಾಗಿ ಋಣ ತಾಗದೆ ಹೋದರೆ, ಕರೆಂಟು ವಾಪಸಾಗಲು ದಾರಿ ಹುಡುಕುತ್ತದೆ. ಅದಕ್ಕೆ ಸಿಗುವುದು ರಿಸೀವರಿನಿಂದ ಸೆನ್ಸರಿಗೆ ಬಂದ, ಕಡ್ಡಿಯಷ್ಟು ಸಪೂರದ ಕಪ್ಪು ತಂತಿ. ಅದು ಸುಟ್ಟು ವಾಸನೆ ಬರುವಷ್ಟರಲ್ಲಿ ಸೆನ್ಸರೂ, ಕೆಲವೊಮ್ಮೆ ರಿಸೀವರೂ ಕೈಬಿಟ್ಟಿರುತ್ತವೆ. ಮುಖ್ಯ ಋಣ ತಂತಿಯ ಬೆಸುಗೆ ಸಡಿಲವಾದಾಗಲೂ ಆಗುವುದು ಇದೇ.

ಎತ್ತರ ಅಳೆಯುವ ಸೆನ್ಸರ್ ನಿಜಕ್ಕೂ ಅಳೆಯುವುದು ಗಾಳಿಯ ಒತ್ತಡವನ್ನು. ಒಂದು ಮೀಟರ್ ಮೇಲೇರಿದರೆ ಒತ್ತಡ ಸುಮಾರು 12 ಪಾಸ್ಕಲ್ ಇಳಿಯುತ್ತದೆ. ಇನ್ನೊಂದು ಲೆಕ್ಕ ನೋಡಿ: ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಮೂತಿಯ ಮೇಲೆ ಬಡಿಯುವ ಗಾಳಿಯ ಒತ್ತಡ ಸುಮಾರು 240 ಪಾಸ್ಕಲ್. ಬ್ಯಾಟರಿ ತಣ್ಣಗಿರಲೆಂದು ಮೂತಿಯಲ್ಲಿ ಕೊರೆದ ತೂತಿನಿಂದ ಅದರ ಕಾಲು ಭಾಗ ಒಡಲೊಳಗೆ ತುಂಬಿಕೊಂಡರೂ ಎತ್ತರ 5 ಮೀಟರ್ ಕಡಿಮೆ ತೋರುತ್ತದೆ. ಥ್ರಾಟಲ್ ಏರಿಸಿ ವೇಗ ಹೆಚ್ಚಿಸಿದರೆ ವಿಮಾನ ಇಳಿಯುತ್ತಿದೆ ಎನ್ನುತ್ತದೆ ಲಾಗರ್! ಹೊರಗೆ ಹೋಗುವ ತೂತು ದೊಡ್ಡದಾಗಿ ಒಳಗಿನ ಗಾಳಿಯನ್ನು ಎಳೆಯುತ್ತಿದ್ದರೆ ಇದರ ಉಲ್ಟಾ. ಆದ್ದರಿಂದ ಈ ಸೆನ್ಸರನ್ನು ಗಾಳಿ ಹಾಯುವ ದಾರಿಯಿಂದ ಹೊರಗಿಡಿ, ರೆಕ್ಕೆಯ ಕೆಳಗೆ ಅಡ್ಡಗೋಡೆಯ ಹಿಂದಿನ ಖಾನೆಯಲ್ಲಿ. ಮೇಲೊಂದು ತೆಳು ಸ್ಪಂಜು ಇರಲಿ. ಒತ್ತಡ ಅಳೆಯುವ ಕೆಲವು ಚಿಪ್‌ಗಳಿಗೆ ಬೆಳಕು ನೇರ ಬಿದ್ದರೂ ಅಂಕಿ ಜಿಗಿಯುತ್ತದೆ. ಸ್ಪಂಜು ಬೆಳಕನ್ನೂ ಬಿರುಸನ್ನೂ ತಡೆಯುತ್ತದೆ. ಖಾನೆಯೊಳಗೆ ನಿಂತ ಒತ್ತಡವನ್ನು ಮಾತ್ರ ತಡೆಯುವುದಿಲ್ಲ.

ಎದುರು ಬಡಿಯುವ ಗಾಳಿಯ ಒತ್ತಡದಿಂದ ವೇಗ ತಿಳಿಸುವ ಪಿಟಟ್ ಕೊಳವೆ ಹಾಕಿ ವೇಗ ಅಳೆಯುವವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಅಲ್ಲಿ ವಿಮಾನದ ನಿಜ ವೇಗ ತೋರಿದ್ದಕ್ಕಿಂತ ನೂರಕ್ಕೆ ನಾಲ್ಕೈದು ಹೆಚ್ಚು. ಚಿಂತೆಯೇನಿಲ್ಲ, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ತೋರುವ ಅದೇ ಅಂಕಿಯಲ್ಲಿ.

ಜಿ.ಪಿ.ಎಸ್. ಆಕಾಶ ನೋಡುವಂತೆ ಮೇಲ್ಮುಖವಾಗಿರಲಿ, ಕಾರ್ಬನ್ ಫೈಬರಿನ ಕೆಳಗೆ ಬೇಡ. ರಿಸೀವರಿನ ಎರಡು ಆಂಟೆನಾಗಳ ತುದಿಯ 31 ಮಿಲಿಮೀಟರ್ ಭಾಗವೇ ಕೆಲಸ ಮಾಡುವುದು. ಅವು ಒಂದಕ್ಕೊಂದು ಲಂಬಕೋನದಲ್ಲಿರಲಿ, ಸೆನ್ಸರಿನ ತಂತಿ ಅವುಗಳ ಪಕ್ಕ ಸುಳಿಯದಿರಲಿ.

ತೂಕದ ಲೆಕ್ಕವನ್ನೂ ಬಿಡುವಂತಿಲ್ಲ. 20 ಗ್ರಾಂ ಸಾಮಾನನ್ನು ಗುರುತ್ವ ಕೇಂದ್ರಕ್ಕಿಂತ 15 ಸೆಂಟಿಮೀಟರ್ ಹಿಂದೆ ಇಟ್ಟರೆ ನಮ್ಮ 1200 ಗ್ರಾಂ ವಿಮಾನದಲ್ಲಿ ಕೇಂದ್ರ ಎರಡೂವರೆ ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಬ್ಯಾಟರಿಯನ್ನು ಮುಂದೆ ತಳ್ಳಿ ಸರಿಮಾಡಿ, ಬೆರಳ ಮೇಲೆ ತೂಗಿ ನೋಡಿ.

ಫ್ರೈಸ್ಕೈ (FrSky) ಕಂಪನಿಯ ರೇಡಿಯೋ ವ್ಯವಸ್ಥೆಯಲ್ಲಾದರೆ ಸೆನ್ಸರುಗಳು ಎಸ್. ಪೋರ್ಟ್ ಎಂಬ ಒಂದೇ ಸಾಲಿನಲ್ಲಿ ಹೂಮಾಲೆಯ ಹಾಗೆ ಪೋಣಿಸಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಬೇರೆ ಗುರುತು ಸಂಖ್ಯೆ ಬೇಕು. ಒಂದೇ ಜಾತಿಯ ಎರಡು ಸೆನ್ಸರ್ ಹಾಕಿ ಸಂಖ್ಯೆ ಬದಲಿಸದಿದ್ದರೆ ಇಬ್ಬರೂ ಒಟ್ಟಿಗೆ ಮಾತಾಡಿ ಯಾರ ಮಾತೂ ಕೇಳಿಸದಂತಾಗುತ್ತದೆ. ಓಪನ್ ಟಿ.ಎಕ್ಸ್. ಅಥವಾ ಎಡ್ಜ್ ಟಿ.ಎಕ್ಸ್. ತಂತ್ರಾಂಶ ಇರುವ ಟ್ರಾನ್ಸ್‌ಮಿಟರಿನಲ್ಲಿ ಟೆಲಿಮೆಟ್ರಿ ಪುಟಕ್ಕೆ ಹೋಗಿ ಹೊಸ ಸೆನ್ಸರುಗಳನ್ನು ಹುಡುಕಲು ಹೇಳಿ. ಆಮೇಲೆ ಸ್ಪೆಷಲ್ ಫಂಕ್ಷನ್ನಿನಲ್ಲಿ ಎಸ್.ಡಿ. ಲಾಗ್ಸ್ ಆರಿಸಿ ಒಂದು ಸ್ವಿಚ್ಚಿಗೆ ಕಟ್ಟಿ. ಅರ್ಧ ಸೆಕೆಂಡಿಗೊಂದು ಸಾಲು ಸಾಕು. ಇನ್ನೂ ಬಿಗಿಯಾಗಿ ಕೇಳಿದರೆ ಹಳೆಯ ಅಂಕಿಯೇ ಮತ್ತೆ ಮತ್ತೆ ಬರೆದು ಕಡತ ಊದಿಕೊಳ್ಳುತ್ತದೆ. ಕೂಗಿ ಎಚ್ಚರಿಸಬೇಕಾದವು: ಸೆಲ್ಲಿಗೆ 3.5 ವೋಲ್ಟ್, ಬಳಸಿದ್ದು 1760 ಮಿಲಿ ಆಂಪಿಯರ್ ಅವರ್, ಎತ್ತರ 110 ಮೀಟರ್. 1760 ಅಂದರೆ ಬ್ಯಾಟರಿಯ ಶೇಕಡ 80. 110 ಏಕೆಂದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಮುಂಗಡ ಅನುಮತಿ ಬೇಡದ ಹಸಿರು ವಲಯ 120 ಮೀಟರಿನವರೆಗೆ ಮಾತ್ರ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆಯಾದರೆ ಅದು 60 ಮೀಟರಿಗೆ ಇಳಿಯುತ್ತದೆ, ಎಚ್ಚರಿಕೆಯನ್ನೂ ಇಳಿಸಿಕೊಳ್ಳಿ.

ಹಾರಿಸುವ ಮುಂಚೆ ಪ್ರೊಪೆಲ್ಲರ್ ಬಿಚ್ಚಿಟ್ಟು ಎಲ್ಲ ಅಂಕಿ ಬರುತ್ತಿದೆಯೇ ನೋಡಿ. ಟ್ರಾನ್ಸ್‌ಮಿಟರನ್ನು ರೇಂಜ್ ಚೆಕ್ಕಿಗೆ ಹಾಕಿ 30 ಮೀಟರ್ ದೂರ ನಡೆಯಿರಿ, ಒಮ್ಮೆ ಸೆನ್ಸರುಗಳನ್ನು ಕಳಚಿ, ಒಮ್ಮೆ ಸಿಕ್ಕಿಸಿ. ಸಿಕ್ಕಿಸಿದಾಗ ಸಿಗ್ನಲ್ಲಿನ ಅಂಕಿ ಕಣ್ಣಿಗೆ ಕಾಣುವಷ್ಟು ಕುಸಿದರೆ ತಂತಿಯ ದಾರಿ ಬದಲಿಸದೆ ಹಾರಿಸಬೇಡಿ.

ಹಾರಾಟ ಮುಗಿದ ಮೇಲೆ ಕಾರ್ಡಿನ ಲಾಗ್ಸ್ ಫೋಲ್ಡರಿನಲ್ಲಿರುವ ಕಡತವನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದು. ಮೊದಲು ಸೆನ್ಸರನ್ನೇ ಪರೀಕ್ಷೆಗೆ ಒಡ್ಡಿ. ತುಂಬಿದ ಬ್ಯಾಟರಿಯಲ್ಲಿ ಹಾರಿಸಿ, ಮತ್ತೆ ಚಾರ್ಜ್ ಮಾಡಿ. ಲಾಗರ್ 1500 ಬಳಸಿದೆ ಎಂದು, ಚಾರ್ಜರ್ 1650 ತುಂಬಿಸಿದೆ ಎಂದು ಹೇಳಿದರೆ ಸೆನ್ಸರ್ ಹನ್ನೊಂದಕ್ಕೊಂದು ಭಾಗ ಕಡಿಮೆ ಓದುತ್ತಿದೆ, ಟ್ರಾನ್ಸ್‌ಮಿಟರಿನಲ್ಲಿ ಆ ಸೆನ್ಸರಿಗೆ ಇಟ್ಟಿರುವ ಅನುಪಾತವನ್ನು 1.1ರಿಂದ ಗುಣಿಸಿ. ಎರಡು ಮೂರು ಹಾರಾಟದಲ್ಲಿ ಇದೇ ವ್ಯತ್ಯಾಸ ಕಂಡ ಮೇಲೆ ತಿದ್ದುವುದು ಲೇಸು.

ಆಮೇಲೆ ನೋಡಬೇಕಾದ್ದು ಬ್ಯಾಟರಿಯ ಒಳರೋಧ. ಥ್ರಾಟಲ್ ಇಲ್ಲದಾಗ 12.3 ವೋಲ್ಟ್ ಇದ್ದದ್ದು 20 ಆಂಪಿಯರ್ ಎಳೆದಾಗ 11.4ಕ್ಕೆ ಬಂತೆನ್ನಿ. ಕುಸಿತ 0.9, ಅದನ್ನು 20ರಿಂದ ಭಾಗಿಸಿದರೆ 45 ಮಿಲಿ ಓಮ್, ತಂತಿ ಕನೆಕ್ಟರುಗಳೂ ಸೇರಿ. ಈ ಅಂಕಿಯನ್ನು ತಾರೀಖಿನ ಜೊತೆ ಬ್ಯಾಟರಿಯ ಮೈಮೇಲೇ ಬರೆದಿಡಿ. ಬೆಳಗಿನ ಚಳಿಯಲ್ಲಿ ರೋಧ ತಾನಾಗಿಯೇ ಏರುವುದರಿಂದ ಹೋಲಿಕೆ ಒಂದೇ ಹೊತ್ತಿನ ಹಾರಾಟಗಳ ನಡುವೆ ಇರಲಿ. ಒಂದು ದಿನ ಅದು 90 ಎಂದು ತೋರಿಸಿದರೆ, ಮೊದಲು ಕನೆಕ್ಟರಿನ ಬೆಸುಗೆ ನೋಡಿ. ಬೆಸುಗೆ ಸರಿಯಿದ್ದರೆ ಆ ಬ್ಯಾಟರಿಯನ್ನು ವಿಮಾನದಿಂದ ಇಳಿಸಿಬಿಡಿ.

ನಮಸ್ಕಾರ.